ನೆಲ ಮುಟ್ಟದವರ ಚೌಕ

ಗ್ರೀಸಿನ ಒಂದು ಹಳೆಯ ಬಂದರು ಪಟ್ಟಣದಲ್ಲಿ, ಕೋಟೆಗೋಡೆಯ ಕೆಳಗೆ, ಕಲ್ಲು ಹಾಸಿದ ಪುಟ್ಟ ಚೌಕವೊಂದಿದೆ. ಸುತ್ತಲೂ ಕಾಫಿ ಅಂಗಡಿಗಳು, ಬಾರುಗಳು, ಹಡಗಿಳಿದು ಬಂದ ಪ್ರವಾಸಿಗರ ಗಲಗಲ. ನಡುವೆ ಒಂದು ಚಿನಾರ್ ಮರ. ಅದರಷ್ಟು ದಪ್ಪನೆಯ ನೆರಳು ಮೂರು ಲೋಕದಲ್ಲಿಲ್ಲ. ಚಳಿಗಾಲ ಬಂದಾಗ ಆ ನೆರಳನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟವರಿದ್ದಾರೆ ಎನ್ನುತ್ತಾರೆ. ಈ ಜಾಗಕ್ಕೆ 'ನೆಲ ಮುಟ್ಟದವರ ಚೌಕ' ಎಂದು ಹೆಸರು. ದೇವತೆಗಳು ಇಲ್ಲಿ ಓಡಾಡುತ್ತಿದ್ದರೆಂದು ಊರು ತೋರಿಸುವವರು ಕಥೆ ಕಟ್ಟುತ್ತಾರೆ. ದೇವತೆಗಳಿಗೆ ಬೇರೆ ಕೆಲಸವಿಲ್ಲವೇ?

ಹಿಂದೆ ಒಮ್ಮೆ ಅಲ್ಲಿ ಎರಡೇ ಕಾಫಿ ಅಂಗಡಿಗಳಿದ್ದವಂತೆ. ಪಡುವಣದ್ದು ವಿಧವೆ ಅಸಿಮೀನಾಳದು, ಮೂಡಣದ್ದು ಪಾಂದೆಲಿಸನದು. ಬೆಳಗಿನ ನೆರಳು ಅವಳ ಬಾಗಿಲಿಗೆ, ಮಧ್ಯಾಹ್ನದ ನೆರಳು ಅವನ ಬಾಗಿಲಿಗೆ. ಆ ಕೇರಿಯ ಗಂಡಸರೋ ಪಗಡೆಗೆ ಕೂತರೆ ಏಳುವ ಜಾತಿಯಲ್ಲ. ಕುರ್ಚಿಸಮೇತ ನೆರಳಿನ ಹಿಂದೆ ತೆವಳುವವರು. ಬೆಳಿಗ್ಗೆ ಒಂದು ಕಾಫಿಗೆ ಅಸಿಮೀನಾಳ ಕುರ್ಚಿ ಹಿಡಿದವರು ಹೊತ್ತಿಳಿಯುವಷ್ಟರಲ್ಲಿ ಪಾಂದೆಲಿಸನ ಹೊಸ್ತಿಲಲ್ಲಿರುತ್ತಿದ್ದರು. ಉಳಿದ ಹತ್ತು ಕಾಫಿಯೂ ಅವನದೇ.

"ಕುರ್ಚಿಗಳು ದಾರಿ ಕಲಿತಿವೆ, ಅಸಿಮೀನಮ್ಮ. ಅಂಗಡಿಯೂ ಹಿಂದೆಯೇ ನಡೆದು ಬರುತ್ತದೆ ಬಿಡಿ," ಎಂದು ಅವನು ಹಲ್ಲು ಕಿರಿಯುತ್ತಿದ್ದ.

ಗಂಡ ಹಚ್ಚಿಟ್ಟು ಹೋದ ಒಲೆ ಆರುವ ಕಾಲ ಬಂತೆಂದು ಅವಳಿಗೆ ತಿಳಿಯಿತು. ತನ್ನ ಕುರ್ಚಿಯಲ್ಲಿ ಕೂತವರಿಗೆ ತಾನೇ ಕಾಫಿ ಕೊಡಬೇಕೆಂದು ಕೇರಿಯ ಹಿರಿಯರ ಮುಂದೆ ದೂರಿಟ್ಟಳು. ಹಿರಿಯರು ಗಡ್ಡ ನೀವಿಕೊಂಡು ತೀರ್ಪಿತ್ತರು: ಗಿರಾಕಿಯ ಪಾದ ಯಾರ ನೆಲದ ಮೇಲಿದೆಯೋ, ಗಿರಾಕಿ ಅವರವನು.

ಅಸಿಮೀನಾ ವಾದ ಮಾಡಲಿಲ್ಲ, ಬಡಗಿಯನ್ನು ಕರೆಸಿದಳು. ಮರುದಿನ ಅವಳ ಕುರ್ಚಿಗಳೆಲ್ಲ ಕೊಕ್ಕರೆಗಳಂತೆ ಎದ್ದು ನಿಂತಿದ್ದವು. ಕೂತವರ ಪಾದಗಳು ಗಾಳಿಯಲ್ಲಿ ತೂಗಾಡಿದವು. ಮಧ್ಯಾಹ್ನ ಅವಳು ತಟ್ಟೆ ಹಿಡಿದು ಚೌಕ ದಾಟಿ ಪಾಂದೆಲಿಸನ ಹೊಸ್ತಿಲಲ್ಲೇ ಕಾಫಿ ಹಂಚಿದಳು.

"ಇದು ನನ್ನ ನೆಲ ಕಣಮ್ಮ," ಎಂದ ಅವನು.

"ಯಾರು ಇಲ್ಲವೆಂದರು, ನೆರೆಯವರೇ? ಚೆನ್ನಾಗಿದೆ. ಯಾರೂ ತುಳಿದಿಲ್ಲ ನೋಡಿ."

ಪಾಂದೆಲಿಸ್ ಸುಮ್ಮನಿರುವವನೇ? ಕಲ್ಲು ಹೊತ್ತು ತಂದು, ಕುರ್ಚಿಕಾಲುಗಳ ಸಂದಿಯಲ್ಲೇ ಪೇರಿಸಿ ತನ್ನ ನೆಲವನ್ನು ಆ ಪಾದಗಳವರೆಗೆ ಎತ್ತರಿಸಿದ. ಅವಳು ಕುರ್ಚಿಗಳನ್ನು ಇನ್ನೂ ಬೆಳೆಸಿದಳು. ಅವನು ಮತ್ತೆ ಕಲ್ಲು ಹೊತ್ತ. ಬೇಸಿಗೆ ಮುಗಿಯುವಷ್ಟರಲ್ಲಿ ಗಿರಾಕಿಗಳ ತಲೆ ಚಿನಾರ್ ಎಲೆಗಳೊಳಗೆ ಹೊಕ್ಕು, ಪಾರಿವಾಳಗಳು ಪಗಡೆಯಾಟಕ್ಕೆ ಸಲಹೆ ಕೊಡತೊಡಗಿದ್ದವು. ಅಸಿಮೀನಾಳ ಕಾಫಿ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಮೇಲೇರುತ್ತಿತ್ತು. ಆದರೆ ಬಡಗಿಯ ಮರ ಮುಗಿದಿತ್ತು. ಇನ್ನೊಂದು ಸಾಲು ಕಲ್ಲು ಬಿದ್ದರೆ ತನ್ನ ಕಥೆ ಮುಗಿಯಿತೆಂದು ಅವಳಿಗೆ ಗೊತ್ತಿತ್ತು.

ಅವತ್ತು ಪಾಂದೆಲಿಸ್ ಆ ಕೊನೆಯ ಸಾಲಿನ ಮೊದಲ ಕಲ್ಲು ಹೊತ್ತು ಜಗಲಿ ಹತ್ತಿದ. ಬೆನ್ನು ಹಿಡಿಯಿತು, ಉಸಿರು ಕಟ್ಟಿತು. ಕಲ್ಲನ್ನು ಕೈಬಿಟ್ಟು, ಪಕ್ಕದಲ್ಲಿ ಖಾಲಿಯಿದ್ದ ಅಸಿಮೀನಾಳ ಕುರ್ಚಿಯ ಮೇಲೆ ಹೇಗೋ ಏರಿ ಕುಸಿದ. ಅವನ ಎರಡೂ ಪಾದಗಳು ಅವನದೇ ನೆಲ ಬಿಟ್ಟು ಮೇಲಿದ್ದವು. ಮೇಲಿನವರು ಎಲೆ ಸರಿಸಿ ಇಣುಕಿದರು. ಅಸಿಮೀನಾ ಒಲೆಯ ಮುಂದಿನಿಂದ ನೋಡಿ, ಹಿತ್ತಾಳೆಯ ಪಾತ್ರೆಯನ್ನು ಕೆಂಡಕ್ಕಿಟ್ಟಳು.

"ಸಕ್ಕರೆ ಎಷ್ಟು ಹಾಕಲಿ?" ಎಂದಳು.

ಅವನು ತೂಗಾಡುವ ತನ್ನ ಪಾದಗಳನ್ನು ನೋಡಿಕೊಂಡ. "ಎರಡು ಚಮಚ," ಎಂದ.

ಮರುದಿನದಿಂದ ಯಾರೂ ಕಲ್ಲು ಹೊರಲಿಲ್ಲ ಎನ್ನುತ್ತಾರೆ. ಇಂದಿಗೂ ಸಂಜೆ ಅಲ್ಲಿಗೆ ಹೋದವರಿಗೆ ಕಾಣುತ್ತದೆ: ಮೂಡಣದ ಬಾರಿನ ಮಾಲೀಕ ತನ್ನ ಬಾಗಿಲಲ್ಲಿ ಎತ್ತರದ ಸ್ಟೂಲೇರಿ ಕಾಲು ತೂಗಿಬಿಟ್ಟು ಕೂತಿರುತ್ತಾನೆ, ಅವನ ಕಾಫಿ ಮಾತ್ರ ಎದುರಂಗಡಿಯಿಂದ ಚೌಕ ದಾಟಿ ಬರುತ್ತದೆ.