ಬಾವಿಗೆ ಹಣತೆ ಇಳಿಸಿದವನು

"ಗುರುಗಳೇ, ಹತ್ತು ವರ್ಷದಿಂದ ಒಂದು ಕೆಲಸ ಮಾಡಿಕೊಂಡು ಬಂದವನು, ಅದರಲ್ಲಿ ತನಗೆ ತಿಳಿಯದ್ದೊಂದು ಇದೆ ಎಂದು ಈಗ ಬಾಯಿಬಿಟ್ಟರೆ ಅವನ ಮರ್ಯಾದೆ ಉಳಿಯುತ್ತದೆಯೇ?"

ಕೇಳಿದವನು ಚೆನ್ನವೀರ. ಮಠದ ಔಷಧಶಾಲೆಯ ಹೊಣೆ ಅವನದು. ಕೇಳುವಾಗ ಅವನ ದನಿ ಸಣ್ಣಗಾಗಿತ್ತು.

"ಮರ್ಯಾದೆಯ ವಿಚಾರ ಆಮೇಲೆ. ಕೂತುಕೋ ಮಹಾರಾಯ, ಇದನ್ನು ಕೇಳು" ಎಂದರು ಗುರುಗಳು.

ಒಂದು ಊರಿನಲ್ಲಿ ಹಳೆಯ ಬಾವಿಗಳ ಹೂಳೆತ್ತುವವರ ತಂಡವಿತ್ತು. ಅದರ ಮೇಸ್ತ್ರಿ ಒಬ್ಬ ಮುದುಕ. ಆಳು ಬಾವಿಗೆ ಇಳಿಯುವ ಮೊದಲು ಅವನು ಬುಟ್ಟಿಯಲ್ಲಿ ಹಣತೆ ಹಚ್ಚಿಟ್ಟು, ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದ. ಕಟ್ಟೆಯ ಮೇಲೆ ಬಾಗಿ ತಾನೊಬ್ಬನೇ ನೋಡುತ್ತಿದ್ದ. ಆಮೇಲೆ "ಇಳಿಯಿರಿ" ಎನ್ನುತ್ತಿದ್ದ. ಕೆಲವೊಮ್ಮೆ "ಇವತ್ತು ಬೇಡ" ಎಂದು ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದ. ಕಾರಣ ಹೇಳುತ್ತಿರಲಿಲ್ಲ. ಅದು ಆ ಮುದುಕನ ತಪ್ಪು, ಇಲ್ಲವೆನ್ನುವುದಿಲ್ಲ.

ತಂಡಕ್ಕೆ ಹೊಸದಾಗಿ ಸೇರಿದವನೊಬ್ಬ ಇದನ್ನೆಲ್ಲ ಹಿಂದೆ ನಿಂತು ನೋಡುತ್ತಿದ್ದ. ಹಣತೆ ಯಾಕೆ ಎಂದು ಮೊದಲ ವಾರವೇ ಕೇಳಬೇಕೆಂದುಕೊಂಡ. ಆ ವಾರ ಇನ್ನೊಬ್ಬ ಬೇರೇನನ್ನೋ ಕೇಳಿ ಎಲ್ಲರೆದುರು ನಗೆಪಾಟಲಾದ. ಇವನು ನಾಳೆ ಕೇಳಿದರಾಯಿತು ಎಂದು ಸುಮ್ಮನಾದ. ನಾಳೆ ಎನ್ನುತ್ತ ವರ್ಷ ಕಳೆಯಿತು. ವರ್ಷವಾದ ಮೇಲೆ ಕೇಳುವುದು ಇನ್ನೂ ಕಷ್ಟ. ಐದು ವರ್ಷವಾದ ಮೇಲಂತೂ ಆ ಮಾತು ನಾಲಗೆಗೇ ಬರಲಿಲ್ಲ. ಅಷ್ಟರಲ್ಲಿ ಮುದುಕ ತೀರಿಕೊಂಡ. ಕೈಚಳಕ ನೋಡಿ ಜನ ಇವನನ್ನೇ ಮೇಸ್ತ್ರಿ ಮಾಡಿದರು.

ಅವನೂ ಹಣತೆ ಇಳಿಸಿದ. ಅವನೂ ಬಾಗಿ ನೋಡಿದ. ಏನನ್ನು ನೋಡಬೇಕು? ಗೋಡೆಯ ಕಲ್ಲನ್ನೋ, ನೀರಿನ ಬಣ್ಣವನ್ನೋ, ದೇವರೇ ಬಲ್ಲ. ಹತ್ತು ಸಲ "ಇಳಿಯಿರಿ" ಎಂದರೆ ಒಂದು ಸಲ, ಮುದುಕ ಹೇಳುತ್ತಿದ್ದನೆಂದು, "ಇವತ್ತು ಬೇಡ" ಎನ್ನುತ್ತಿದ್ದ. ಜನ ತಲೆದೂಗುತ್ತಿದ್ದರು. ಆಳು ಕೆಳಗಿಳಿದು ಮತ್ತೆ ಮೇಲೆ ಬರುವವರೆಗೆ ಅವನಿಗೆ ಮಾತ್ರ ಜೀವ ಕೈಯಲ್ಲಿ ಇರುತ್ತಿತ್ತು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹಾಗೆ ಏಳು ವರ್ಷ ಬದುಕಿದ. ಹೆದರಿಕೊಂಡೇ ಬದುಕಿದ, ಆದರೆ ಕೇಳಲಿಲ್ಲ.

ಒಮ್ಮೆ ಒಬ್ಬ ವ್ಯಾಪಾರಿ ಮದುವೆಯ ಹೊತ್ತಿಗೆ ನೀರು ಬೇಕೆಂದು, ಹಿತ್ತಲಲ್ಲಿ ಬಹಳ ಕಾಲದಿಂದ ಕಲ್ಲುಚಪ್ಪಡಿ ಮುಚ್ಚಿದ್ದ ಬಾವಿಯನ್ನು ತೆಗೆಸಿದ. ಇಳಿಯುವ ಸರದಿ ಮೇಸ್ತ್ರಿಯ ಸ್ವಂತ ತಮ್ಮನದು. ಅವನು ಸೊಂಟಕ್ಕೆ ಹಗ್ಗ ಬಿಗಿದು ನಿಂತ. ಮೇಸ್ತ್ರಿ ಹಣತೆ ಇಳಿಸಿದ. ಅರ್ಧ ದಾರಿಯಲ್ಲಿ ಅದು ಆರಿತು. ಅವನು ಇಳಿಸಿದ ಹಣತೆ ಹಿಂದೆಂದೂ ಹಾಗೆ ಆರಿರಲಿಲ್ಲ. ಎಳೆದು, ಹಚ್ಚಿ, ಮತ್ತೆ ಇಳಿಸಿದ. ಅಲ್ಲೇ ಆರಿತು.

ತಮ್ಮನೂ ಬಗ್ಗಿ ನೋಡಿದ್ದ.

"ಅಣ್ಣಾ, ಹಣತೆ ಎರಡು ಸಲ ಆರಿತಲ್ಲ. ಇಳಿಯಲೋ, ಬೇಡವೋ?"

ಬೇಡ ಎಂದೇ ಮೇಸ್ತ್ರಿಯ ಮನಸ್ಸು ಹೇಳುತ್ತಿತ್ತು. ಆದರೆ ಬೇಡವೆಂದರೆ ಯಾಕೆ ಎಂದು ವ್ಯಾಪಾರಿ ಕೇಳುತ್ತಾನೆ. ಎದುರಿಗೆ ಐದು ಜನ ಆಳುಗಳಿದ್ದಾರೆ. ಏನೆಂದು ಹೇಳುವುದು? ಹೆದರಿದವನಿಗೆ ಸಿಟ್ಟು ಬೇಗ ಬರುತ್ತದೆ.

"ಇಷ್ಟು ವರ್ಷ ನನ್ನ ಜೊತೆ ಹಗ್ಗ ಹಿಡಿದವನು ಕೇಳುವ ಮಾತೇ ಇದು? ನಾಚಿಕೆಯಾಗಬೇಕು ನಿನಗೆ. ಗಾಳಿಗೆ ಆರಿದೆ. ಇಳಿ."

ತಮ್ಮ ನಾಚಿ ತಲೆ ತಗ್ಗಿಸಿದ. ಇಳಿದ. ಹಣತೆ ಆರಿದ ಆಳಕ್ಕಿಂತ ಒಂದಾಳು ಕೆಳಗೆ ಹೋಗಿದ್ದನಷ್ಟೆ, ಮೇಸ್ತ್ರಿಯ ಕೈಯಲ್ಲಿದ್ದ ಹಗ್ಗ ಜಗ್ಗೆಂದು ಭಾರವಾಯಿತು. ಮೇಸ್ತ್ರಿ ಕೂಗಿದ. ಕೆಳಗಿನಿಂದ ತಮ್ಮ ಓಗೊಡಲಿಲ್ಲ. ಎಲ್ಲರೂ ಸೇರಿ ಎಳೆದು ಮೇಲೆ ತಂದಾಗ ಮೈ ಬೆಚ್ಚಗಿತ್ತು, ಉಸಿರು ಇರಲಿಲ್ಲ.

ಸುದ್ದಿ ಕೇಳಿ ತಮ್ಮನ ಹೆಂಡತಿ ಓಡಿ ಬಂದಳು. ಅವಳೂ ಬೇರೊಂದು ಊರಿನ ಬಾವಿ ಕೆಲಸದವರ ಮನೆಯ ಮಗಳು. ಏಳು ವರ್ಷದಿಂದ ಈ ಮೇಸ್ತ್ರಿಗೆ ದಿನಾ ಅನ್ನ ಬಡಿಸಿದವಳು. ಅವಳು ಗಂಡನ ಮುಖ ನೋಡಿದಳು, ಪಕ್ಕದ ಬುಟ್ಟಿ ನೋಡಿದಳು.

"ಭಾವ, ಇಳಿಸಿದಾಗ ಹಣತೆ ಆರಿತ್ತಾ?"

"ಆರಿತ್ತು."

"ಆರಿದ್ದನ್ನು ನೋಡಿಯೂ ಕಳಿಸಿದೆಯಾ? ಕೆಳಗೆ ಕೆಟ್ಟ ಗಾಳಿ ನಿಂತಿದ್ದರೆ ದೀಪ ಉರಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ನಮ್ಮಪ್ಪನ ಮನೆಯಲ್ಲಿ ಇದು ಆಡುವ ಮಕ್ಕಳಿಗೂ ಗೊತ್ತು. ಅಯ್ಯೋ ಭಾವ, ನನ್ನನ್ನು ಕೇಳಿದ್ದರೂ ಹೇಳುತ್ತಿದ್ದೆನಲ್ಲ!"

ಮೇಸ್ತ್ರಿ ಆ ದಿನದಿಂದ ಯಾವ ಬಾವಿಯ ಬಳಿಗೂ ಹೋಗಲಿಲ್ಲ. ಅವಳು ಬಡಿಸಿದ ಅನ್ನಕ್ಕೆ ಕೈಯಿಡಲೂ ಅವನಿಂದ ಆಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚೆನ್ನವೀರ ಕೇಳಿದ:

"ಹಾಗಾದರೆ ನಾನು ಯಾರನ್ನು ಕೇಳಲಿ, ಗುರುಗಳೇ?"

"ಔಷಧಶಾಲೆಯಲ್ಲಿ ನಿನ್ನ ಕೈಕೆಳಗೇ ಅದನ್ನು ಬಲ್ಲವರಿದ್ದಾರೆಂದು ನಿನಗೆ ಚೆನ್ನಾಗಿ ಗೊತ್ತು, ಅವರನ್ನು ದಾಟಿಕೊಂಡೇ ನೀನು ನನ್ನ ಹತ್ತಿರ ಬಂದೆ."

ಚೆನ್ನವೀರ ಎದ್ದು ನಮಸ್ಕರಿಸಿ ಔಷಧಶಾಲೆಯ ಕಡೆಗೆ ನಡೆದ.