ಮೂರು ಕಣ್ಣಿನ ಸೇತುವೆ

"ಗುರುಗಳೇ, ತಪ್ಪು ಮಾಡಿದವನು ಅದನ್ನು ಮನಸ್ಸಿನಲ್ಲಿ ಒಪ್ಪಿಕೊಂಡರೆ ಸಾಲದೇ? ಸಂಬಂಧಪಟ್ಟವರಿಗೆಲ್ಲ ಹೋಗಿ ಹೇಳಲೇಬೇಕೇ?" ಎಂದು ಶಿಷ್ಯ ಕೇಳಿದ.

ಅವನು ಬೆಳಗಿನ ರೈಲಿಗೆ ಬಂದಿದ್ದ. ಸಂಜೆಯ ರೈಲಿಗೆ ಹೊರಡಬೇಕಿತ್ತು. ಉತ್ತರ ಅಷ್ಟರೊಳಗೆ ಬೇಕಿತ್ತು. ಹೊರಗೆ ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಇಂಜಿನಿಯರ್ ಇದ್ದ. ರೈಲು ಸೇತುವೆಗಳನ್ನು ಕಟ್ಟಿಸಿ ನಿವೃತ್ತನಾದ. ನಿವೃತ್ತರಾದ ಮೇಲೆ ಕೆಲವರು ದೇವರ ಕಡೆಗೆ ಹೋಗುತ್ತಾರೆ, ಕೆಲವರು ವಾಕಿಂಗ್ ಹೋಗುತ್ತಾರೆ. ಇವನು ಹಿತ್ತಲಿನಲ್ಲಿ ಆಟಿಕೆ ರೈಲು ಹಾಕಿದ. ಆಟಿಕೆ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಮಾದರಿ ಎನ್ನಬೇಕಿತ್ತು.

ಎಲ್ಲವೂ ಇಪ್ಪತ್ತರಲ್ಲೊಂದು ಅಳತೆ. ಸೊಂಟದೆತ್ತರದ ಗುಡ್ಡ, ಗುಡ್ಡದಿಂದ ಜಲಪಾತ, ಕೆಳಗೆ ಹಳ್ಳ, ಹಳ್ಳದ ಕೊನೆಗೆ ಕೊಳ. ಕೊಳದ ನೀರನ್ನು ಒಂದು ಪಂಪು ಮತ್ತೆ ಗುಡ್ಡಕ್ಕೆ ಏರಿಸುತ್ತಿತ್ತು. ಹುಲ್ಲುಗಾವಲಿಗೆ ಪಾಚಿ, ಕಾಡಿಗೆ ದೊಡ್ಡಪತ್ರೆಯ ಕುಡಿ. ಹಳ್ಳ ದಾಟಲು ಸೇತುವೆ ಬೇಕಾಯಿತು. ಹಿಂದೆ ತಾನೇ ಕಟ್ಟಿಸಿದ, ತನಗೆ ಪದಕ ತಂದುಕೊಟ್ಟ ಸೇತುವೆಯ ನಕ್ಷೆಯನ್ನು ಹೊರತೆಗೆದ. ನೀರು ಹಾಯಲು ಮೂರು ಕಣ್ಣು. ಗಡುವಿಗೆ ಆರು ತಿಂಗಳು ಮೊದಲೇ ಮುಗಿದಿದ್ದ ಸೇತುವೆ ಅದು. ಪ್ರತಿ ಅಳತೆಯನ್ನೂ ಇಪ್ಪತ್ತರಿಂದ ಭಾಗಿಸಿ ಹಾಗೆಯೇ ಕಟ್ಟಿದ.

ಕಲ್ಲು ಜೋಡಿಸಿಕೊಡುತ್ತಿದ್ದ ಮಾಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದ.

"ಸಾಹೇಬ್ರೇ, ಕಣ್ಣು ಸಾಲದು. ಇನ್ನೆರಡು ಇಡೋಣ."

"ನೀನು ಗುಲಾಬಿ ನೋಡ್ಕೋ ಮಾರಾಯ. ನಿಜವಾದ ಸೇತುವೆಗೂ ಇಷ್ಟೇ ಇರೋದು. ಅದರ ಮೇಲೆ ದಿನಾ ಹನ್ನೆರಡು ಗಾಡಿ ಓಡ್ತವೆ."

"ಗಾಡಿ ಮೇಲೆ ಓಡ್ತದೆ, ಸಾಹೇಬ್ರೇ. ನಾನು ಹೇಳಿದ್ದು ಕೆಳಗೆ ಓಡೋದರ ವಿಷಯ."

ಜೂನ್ ತಿಂಗಳ ಒಂದು ಮಧ್ಯಾಹ್ನ ಮಳೆ ಬಂತು. ದೊಡ್ಡ ಮಳೆಯೇನಲ್ಲ. ತಾರಸಿಯ ನೀರು ಹಿತ್ತಲಿಗೆ ನುಗ್ಗಿತು. ತರಗೆಲೆಗಳು ತೇಲಿಬಂದು ಮೂರು ಕಣ್ಣುಗಳನ್ನೂ ಮುಚ್ಚಿದವು. ನೀರು ಸೇತುವೆಯ ಹಿಂದೆ ಉಬ್ಬಿ, ಒಂದು ಕ್ಷಣ ಸುಮ್ಮನೆ ನಿಂತಿತು. ಆಮೇಲೆ ಸೇತುವೆ ಇರಲಿಲ್ಲ. ಹಳಿಗಳು ಮಾತ್ರ ಗಾಳಿಯಲ್ಲಿ ನೇತಾಡುತ್ತಿದ್ದವು. ಅದು ಬ್ಯಾಟರಿಯ ಗಾಡಿ. ಗುಡ್ಡ ಸುತ್ತಿಕೊಂಡು ತನ್ನ ಪಾಡಿಗೆ ಬಂತು. ಇಂಜಿನ್ನು, ಹಿಂದೆ ನಾಲ್ಕು ಡಬ್ಬಿ, ಒಂದಾದ ಮೇಲೊಂದು ಕೆಸರುನೀರಿಗೆ ಬಿದ್ದವು. ಡಬ್ಬಿಗಳಲ್ಲಿ ಅವನು ಬೆರಳುದ್ದದ ಮಣ್ಣಿನ ಜನರನ್ನು ಕೂರಿಸಿದ್ದ. ಎಲ್ಲರಿಗೂ ಕಿಟಕಿ ಪಕ್ಕದ ಜಾಗ.

ಮಾಲಿ ನಕ್ಕ. "ಸದ್ಯ, ಆಟಿಕೆ" ಎಂದ. ಇಂಜಿನಿಯರ್ ತಿದ್ದಲಿಲ್ಲ. ಮಾಲಿಯ ನಗು ನಿಂತಿತು.

"ನಿಜವಾದದ್ದಕ್ಕೂ ಮೂರೇ ಅಂದ್ರಲ್ಲ, ಸಾಹೇಬ್ರೇ?"

ಆಟಿಕೆಯಿಂದ ಏನೂ ಸಾಬೀತಾಗುವುದಿಲ್ಲ. ಓದಿದವನು, ಅಷ್ಟು ಅವನಿಗೆ ಗೊತ್ತಿತ್ತು. ಆದ್ದರಿಂದ ಒಳಗೆ ಹೋಗಿ ನಕ್ಷೆ ಹರಡಿಕೊಂಡು ಕೂತ. ನಿಜವಾದ ಸೇತುವೆಯ ಹಳ್ಳವನ್ನು ಅಳೆದದ್ದು ಏಪ್ರಿಲ್‌ನಲ್ಲಿ. ಆಗ ಪಾದ ಮುಳುಗುವಷ್ಟು ನೀರಿತ್ತು. ಗ್ಯಾಂಗ್‌ಮನ್ ಮುದುಕನೊಬ್ಬ ಬಂಡೆಯ ಮೇಲೆ ಎರಡಾಳೆತ್ತರದ ಗುರುತು ತೋರಿಸಿ, ತನ್ನ ಅಪ್ಪನ ಕಾಲದಲ್ಲಿ ನೀರು ಅಲ್ಲಿಗೆ ಬಂದಿತ್ತು ಎಂದಿದ್ದ. ಇವನು ನಕ್ಕು, ಮೊದಲ ನಕ್ಷೆಯಲ್ಲಿ ಐದಿದ್ದ ಕಣ್ಣುಗಳನ್ನು ಮೂರಕ್ಕೆ ಇಳಿಸಿದ್ದ. ಆರು ತಿಂಗಳು ಉಳಿದದ್ದು ಅಲ್ಲಿ. ಈಗ ಆ ಗುರುತನ್ನು ಲೆಕ್ಕಕ್ಕೆ ಸೇರಿಸಿದ. ಮೂರು ಸಲ ಲೆಕ್ಕ ಹಾಕಿದ. ಮೂರು ಸಲವೂ ಸೇತುವೆ ಹೋಯಿತು.

ಗುರುಗಳು ನಿಲ್ಲಿಸಿದರು.

"ಆಮೇಲೆ ಏನು ಮಾಡಿದ?" ಎಂದು ಶಿಷ್ಯ ಕೇಳಿದ.

"ಮನಸ್ಸಿನಲ್ಲಿ ಒಪ್ಪಿಕೊಂಡ. ಪೂರ್ತಿಯಾಗಿ ಒಪ್ಪಿಕೊಂಡ. ಇಲಾಖೆಗೆ ಕಾಗದ ಬರೆಯಲು ಕೂತ. ಗೋಡೆಯ ಮೇಲಿನ ಪದಕ ನೋಡಿ ಎದ್ದ. ಹಿತ್ತಲಿಗೆ ಹೋಗಿ ಕೈಯಾರೆ ಐದು ಕಣ್ಣಿನ ಸೇತುವೆ ಕಟ್ಟಿದ. ಮುಂದಿನ ಮಳೆಗೆ ಅದು ಅಲುಗಲಿಲ್ಲ. ಹಿತ್ತಲ ಹಳ್ಳದ ಸೇತುವೆಗೆ ಎಷ್ಟು ಕಣ್ಣಿರಬೇಕು ಎಂದು ಹವ್ಯಾಸಿಗಳ ಪತ್ರಿಕೆಗೆ ಲೇಖನ ಬರೆದ. ಒಳ್ಳೆಯ ಲೇಖನ. ತುಂಬ ಜನ ಮೆಚ್ಚಿ ಬರೆದರು. ಆದರೂ ನಿದ್ದೆ ಬರಲಿಲ್ಲವಂತೆ. ಇಲ್ಲಿಗೆ ಬಂದ. ನೀನು ಕೂತಿರುವಲ್ಲೇ ಕೂತು ಎಲ್ಲ ಹೇಳಿ ಅತ್ತ. ನಾನು ಸಮಾಧಾನ ಹೇಳಿದೆ. ಹಗುರವಾಗಿ ಎದ್ದು ಹೋದ. ಹೋದ ವರ್ಷ ನೆಮ್ಮದಿಯಾಗಿ ತೀರಿಕೊಂಡ."

"ನಿಜವಾದ ಸೇತುವೆ ಬಿತ್ತೇ?"

"ಇಲ್ಲ. ಬಂಡೆಯ ಗುರುತು ಮುಟ್ಟುವ ಮಳೆ ಇನ್ನೂ ಬಂದಿಲ್ಲ."

ಶಿಷ್ಯನಿಗೆ ಸಮಾಧಾನವಾಯಿತು. ಬಿದ್ದಿಲ್ಲವೆಂದ ಮೇಲೆ ಅವನ ಪ್ರಶ್ನೆಗೆ ಬೇಕಾದ ಉತ್ತರವೇ ಸಿಕ್ಕಿತ್ತು. ಹೊತ್ತಾಗಿತ್ತು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೊಡೆ ಬಿಚ್ಚಿ, ಹೊಸ್ತಿಲಲ್ಲಿ ನಿಂತು ಸುಮ್ಮನೆ ಮಾತಿಗೆಂದು ಕೇಳಿದ:

"ಅಂದ ಹಾಗೆ ಆ ಸೇತುವೆ ಇರುವುದು ಎಲ್ಲಿ, ಗುರುಗಳೇ?"

"ಬೆಳಿಗ್ಗೆ ನೀನು ಅದನ್ನು ದಾಟಿಕೊಂಡೇ ಬಂದೆ. ಅದರ ತಪ್ಪು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಈಗ ನಿನಗೂ ಗೊತ್ತು."