ತಿಪ್ಪೇಸ್ವಾಮಿ ಕೇಳಿದ ರಜೆ

ವೇದಾವತಿಯ ದಂಡೆಯಲ್ಲೊಂದು ಆಶ್ರಮ. ಬೋರ್ಡಿನ ಮೇಲೆ ರಾಸುಗಳ ಸಂತಾನ ಸಂಶೋಧನಾ ಕೇಂದ್ರ ಎಂದು ಬರೆದಿತ್ತು, ಆದರೂ ಆಶ್ರಮವೆಂದೇ ಇಟ್ಟುಕೊಳ್ಳಿ. ಹೊಳೆಯಲ್ಲಿ ನೀರಿತ್ತೇ ಎಂದು ಮಾತ್ರ ಕೇಳಬೇಡಿ.

ಅಲ್ಲಿನ ಗುರು ಡಾಕ್ಟರ್ ಕೊಟ್ರಯ್ಯ. ಹಸು ಯಾಕೆ ಗಬ್ಬವಾಗುವುದಿಲ್ಲ ಎಂಬ ಒಂದೇ ಪ್ರಶ್ನೆಯ ಹಿಂದೆ ಬಿದ್ದು ತಲೆಕೂದಲು ಹಣ್ಣು ಮಾಡಿಕೊಂಡವರು. ಜೊತೆಯ ವಿಜ್ಞಾನಿಗಳೆಲ್ಲ ಹಸುವಿನ ಗರ್ಭಕೋಶದಲ್ಲೇ ತಪ್ಪು ಹುಡುಕುತ್ತಿದ್ದಾಗ, ಮೊದಲು ಹೋರಿಯನ್ನು ನೋಡ್ರಯ್ಯ ಎಂದು ಸಭೆಯಲ್ಲಿ ಎದ್ದು ಹೇಳಿ ನಗೆಪಾಟಲಾದವರು. ನಕ್ಕವರೇ ಆಮೇಲೆ ಆ ಮಾತನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಶಿಷ್ಯ ತಿಪ್ಪೇಸ್ವಾಮಿ. ಅವನೂ ಡಾಕ್ಟರೇಟು ಪಡೆದವನೇ. ಗುರುವಿನ ಮಾತಿಗಾಗಿ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುವವನು.

ಅವತ್ತು ಬೆಳಿಗ್ಗೆಯೂ ನಿಂತಿದ್ದ. ಪಂಚಾಯ್ತಿ ಮೆಂಬರೊಬ್ಬ ಹಸು ಹೊಡೆದುಕೊಂಡು ಬಂದು, ಇದು ಗೊಡ್ಡು ಅಂತ ನೀವೊಂದು ಮಾತು ಹೇಳಿದರೆ ಸಂತೆಗೆ ಅಟ್ಟಿಬಿಡುತ್ತೇನೆ ಎಂದ. ತಿಪ್ಪೇಸ್ವಾಮಿಯ ಮೈ ಉರಿದುಹೋಯಿತು. ಬಾಯಿಲ್ಲದ ಪ್ರಾಣಿ ಅಂತ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುತ್ತೀರಲ್ಲ, ನಾಚಿಕೆಯಾಗಬೇಕು, ನಿಮ್ಮೂರ ಹೋರಿಯನ್ನು ಹಿಡಿದುಕೊಂಡು ಬಾ, ಅದನ್ನು ನೋಡದೆ ಹಸುವನ್ನು ಮುಟ್ಟುವುದಿಲ್ಲ ಎಂದು ಕೊಟ್ಟಿಗೆಯ ಶೀಟು ಹಾರಿಹೋಗುವ ಹಾಗೆ ಕೂಗಾಡಿದ. ಮೆಂಬರು ತೆಪ್ಪಗೆ ಹೊರಟ. ಹಸು ತಿರುಗಿ ನೋಡಿ ಕೈಮುಗಿಯಿತು ಎಂದೂ ಹೇಳುವವರಿದ್ದಾರೆ.

ಅದೇ ಬಿಸಿಯಲ್ಲಿ ತಿಪ್ಪೇಸ್ವಾಮಿ ಗುರುವಿನ ಬಳಿ ಬಂದು ನಾಳೆಗೆ ರಜೆ ಕೇಳಿದ.

ಹೆಂಡತಿ ಪಾಲಾಕ್ಷಮ್ಮನನ್ನು ತವರಿಗೆ ಬಿಟ್ಟು ಬರಬೇಕು, ಇನ್ನು ಕರೆಸಿಕೊಳ್ಳುವ ಮಾತಿಲ್ಲ. ಬರುವಾಗ ಹೊಸದುರ್ಗದಲ್ಲಿ ಇಳಿದು ಒಂದು ಹೆಣ್ಣು ನೋಡಬೇಕು.

“ಒಂದೇ ಬಸ್ಸಿನಲ್ಲಾ?” ಎಂದರು ಗುರು.

ತಿಪ್ಪೇಸ್ವಾಮಿಗೆ ರೇಗಿತು. ಮದುವೆಯಾಗಿ ಏಳು ವರ್ಷ. ಅವ್ವನ ಕಣ್ಣೀರು ನೋಡಲಾಗುವುದಿಲ್ಲ. ನಾಮಕರಣಕ್ಕೆ ಇವಳನ್ನು ಯಾರೂ ಕರೆಯುವುದಿಲ್ಲ, ಕರೆದರೂ ತೊಟ್ಟಿಲ ಹತ್ತಿರ ಬಿಡುವುದಿಲ್ಲ. ಬೆಳಿಗ್ಗೆ ಎದುರು ಬಂದರೆ ಹೆಂಗಸರು ಮುಖ ತಿರುಗಿಸಿ ಬೇರೆ ಓಣಿ ಹಿಡಿಯುತ್ತಾರೆ. ಅಂಥವಳ ಜೊತೆ ಇಷ್ಟು ದಿನ ಬಾಳಿದ ತನ್ನ ತಾಳ್ಮೆಯನ್ನು ಯಾರಾದರೂ ಮೆಚ್ಚಬೇಕಿತ್ತು ಎಂದೇ ಅವನಿಗೆ ಅನಿಸುತ್ತಿತ್ತು. ಅವಳು ಆಗಲೇ ಮನೆಯಲ್ಲಿ ಟ್ರಂಕಿಗೆ ಸೀರೆ ತುಂಬುತ್ತಿದ್ದಳು.

“ಡಾಕ್ಟರಿಗೆ ತೋರಿಸಿದೆಯಾ?”

“ದಾವಣಗೆರೆಯಲ್ಲೂ ತೋರಿಸಾಯ್ತು ಗುರುಗಳೇ. ಅವಳಿಗೆ ಏನೂ ತೊಂದರೆ ಇಲ್ಲ ಅಂತಾರೆ. ಅದೇನು ಓದಿದ್ದಾರೋ.”

“ನಿನ್ನನ್ನು?”

“ನನಗೇನಾಗಿದೆ?”

ಕೊಟ್ರಯ್ಯನವರು ಸಿಟ್ಟು ಬಂದಷ್ಟೂ ಮಾತು ಕಡಿಮೆ ಮಾಡುವವರು. ಎದ್ದು ಲ್ಯಾಬಿಗೆ ನಡೆದರು. ಶಿಷ್ಯ ಹಿಂದೆ ಹೋದ.

ಗುರು ಒಂದು ಸ್ಲೈಡನ್ನು ಬೆಚ್ಚಗಾಗಲು ಇಟ್ಟರು. ಮೈಕ್ರೋಸ್ಕೋಪಿನ ಮುಸುಕು ತೆಗೆದರು. ಒಂದು ಗಾಜಿನ ಬಟ್ಟಲನ್ನು ಒರೆಸಿ ಶಿಷ್ಯನ ಕೈಗಿಟ್ಟರು.

ತಿಪ್ಪೇಸ್ವಾಮಿಯ ಕಿವಿ ಕೆಂಪಾಯಿತು. “ನಾನೇನು ಹೋರಿಯೇ ಗುರುಗಳೇ?”

“ಅಲ್ಲ. ಹೋರಿಯಾಗಿದ್ದರೆ ನೀನೇ ಅದನ್ನು ಮೊದಲ ವರ್ಷವೇ ಪರೀಕ್ಷೆಗೆ ನಿಲ್ಲಿಸುತ್ತಿದ್ದೆ.”

ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ತಿಪ್ಪೇಸ್ವಾಮಿ ಮುಚ್ಚಿದ ಬಾಗಿಲಿಗೇ ಬೈದ. ಇಷ್ಟು ವರ್ಷ ಸೇವೆ ಮಾಡಿದ್ದಕ್ಕೆ ಇದೇನಾ ಮರ್ಯಾದೆ ಎಂದ. ತನ್ನ ಅಪ್ಪನಿಗೆ ಒಂಬತ್ತು ಮಕ್ಕಳು, ಇದು ವಂಶಕ್ಕೇ ಮಾಡುವ ಅವಮಾನ ಎಂದ. ಬೈಗುಳ ಮುಗಿದುಹೋಯಿತು. ಕೈಯಲ್ಲಿ ಬಟ್ಟಲು ಉಳಿದಿತ್ತು.

ಬಹಳ ಹೊತ್ತಿನ ಮೇಲೆ ಅವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಹೋರಿಯ ವೀರ್ಯದಲ್ಲಿ ಜೀವವಿದ್ದದ್ದು ಹೇಗೆ ಈಜುತ್ತದೆ ಎಂದು ಚೆನ್ನಾಗಿ ಬಲ್ಲ ಕಣ್ಣು.

ಲೆನ್ಸು ಒರೆಸಿದ. ಬೆಳಕು ಸರಿಯಿಲ್ಲ ಎಂದು ಗೊಣಗಿದ. ಇನ್ನೊಂದು ಸ್ಲೈಡ್ ಮಾಡಿ ನೋಡಿದ. ಅದರಲ್ಲೂ ಈಜುವಂಥದ್ದು ಒಂದೂ ಇರಲಿಲ್ಲ.

ಹೊರಗೆ ಬಂದಾಗ ಗುರು ಮೆಟ್ಟಿಲ ಮೇಲೆ ಕೂತಿದ್ದರು. ಅವನು ಪಕ್ಕದಲ್ಲಿ ಕುಸಿದು ಕೂತ.

ರಜೆ ಬೇಡ ಎಂದ. ಅವ್ವನಿಗೆ ತಾನೇ ಹೇಳುತ್ತೇನೆ ಎಂದ. ಅವ್ವನಿಗೆ ಹೇಳಿದರೆ ಓಣಿಗೆ ಹೇಳಿದ ಹಾಗೆ, ಓಣಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ. ಅದು ನೆನಪಾಗಿ ಅವನು ಗುರುವಿನ ಕಡೆ ತಿರುಗಿದ.

“ಆಮೇಲೆ ಆ ಊರಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗಲಿ ಗುರುಗಳೇ?”

ಗುರು ಹೇಳಿದರು: “ಪಾಲಾಕ್ಷಮ್ಮನನ್ನು ಕೇಳು. ಏಳು ವರ್ಷದಿಂದ ತಿರುಗುತ್ತಿದ್ದಾಳಲ್ಲ.”